ದೆಯೊಲಿಂದಾಳ ಸಿಗ್ನಲ್

ದೆಯೊಲಿಂದಾಳ ನಾದಿನಿ ಸೆಫೆರಿನಾಳ ಚಿಪಾ ಕಲ್ಲಿನಂತಿರುತ್ತಿತ್ತು. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಸಾನ್ ಬ್ಲಾಸ್ ಊರಿನ ಹಲ್ಲಿನ ಡಾಕ್ಟರೇ ಒಪ್ಪಿಕೊಂಡಿದ್ದ. ಮರಗೆಣಸಿನ ಹಿಟ್ಟಿಗೆ ಚೀಸ್ ಕಲಸಿ, ಬಳೆಯ ಹಾಗೆ ಸುತ್ತಿ ಒಲೆಯಲ್ಲಿ ಸುಡುವುದನ್ನು ಅತ್ತೆ ಇಬ್ಬರಿಗೂ ಒಂದೇ ದಿನ ಕಲಿಸಿದ್ದಳು. ದೆಯೊಲಿಂದಾಳಿಗೆ ಅದು ಕೈಗೆ ಹತ್ತಿತು, ಸೆಫೆರಿನಾಳಿಗೆ ಹತ್ತಲಿಲ್ಲ. ಆದರೂ ಬುಟ್ಟಿ ಖಾಲಿಯಾಗುತ್ತಿದ್ದುದು ಸೆಫೆರಿನಾಳದು.

ಕಾರಣ ಒಂದೇ. ಸೆಫೆರಿನಾಳ ಅಂಗಡಿಯ ಮುಂದಿನ ಕೂಡುರಸ್ತೆಗೆ ಸರ್ಕಾರ ಸಿಗ್ನಲ್ ಹಾಕಿತ್ತು. ದೀಪ ಕೆಂಪಾದರೆ ರಾಜಧಾನಿ ಅಸುನ್ಸಿಯೊನ್‌ಗೆ ಹೋಗುವ ಬಸ್ಸುಗಳು ಸಾಲಾಗಿ ನಿಲ್ಲುತ್ತಿದ್ದವು, ನಿಂತವರಿಗೆ ಬೇಜಾರಾಗುತ್ತಿತ್ತು, ಬೇಜಾರಾದ ಮನುಷ್ಯ ಏನನ್ನಾದರೂ ತಿನ್ನುತ್ತಾನೆ. ದೆಯೊಲಿಂದಾಳ ಕೂಡುರಸ್ತೆಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಅವಳ ಚಿಪಾದ ಘಮವನ್ನು ಪುಕ್ಕಟೆ ಎಳೆದುಕೊಂಡು ಗಾಡಿಗಳು ನೇರ ನಾದಿನಿಯ ಕೆಂಪು ದೀಪಕ್ಕೆ ಓಡುತ್ತಿದ್ದವು. ಇದು ಅನ್ಯಾಯ, ಮತ್ತು ದೆಯೊಲಿಂದಾ ಅನ್ಯಾಯವನ್ನು ನುಂಗಿಕೊಂಡು ಕೂರುವ ಹೆಂಗಸಲ್ಲ.

ದಾರಿ ತೋರಿಸಿದವನು ಪುರಸಭೆಯ ರಸ್ತೆ ವಿಭಾಗದ ಜವಾನ ಸೆನೋನ್. ದಿನಾ ಅವಳ ಅಂಗಡಿಗೆ ಬಂದು, ಕೊಂಬಿನ ಲೋಟದಲ್ಲಿ ತೆರೆರೆಯ ತಣ್ಣನೆಯ ಎಲೆಕಷಾಯ ಹೀರಿ, ಕಚೇರಿಯ ಸುದ್ದಿ ಉದುರಿಸಿ ಹೋಗುವುದು ಅವನ ಪದ್ಧತಿ.

"ಅರ್ಜಿ ಗಿರ್ಜಿ ಎಲ್ಲ ಬರೀ ದಂಡ ಕಣಕ್ಕಾ. ಅವ್ರು ಬಂದು ಗಾಡಿ ಎಣಿಸ್ತಾರೆ. ಜಾಸ್ತಿ ಬಂದ್ರೆ ಸಿಗ್ನಲ್ಲು. ಕಮ್ಮಿ ಬಂದ್ರೆ ಬಿಷಪ್ಪೇ ಬಂದು ಕಾಲು ಹಿಡಿದ್ರೂ ಇಲ್ಲ."

"ನಮ್ಮ ಜಂಕ್ಷನ್ ಯಾವಾಗ ಎಣಿಸ್ತಾರೋ?"

"ಬರೋ ಗುರುವಾರ. ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡ ಮತ್ತೆ."

"ನೀನೆಲ್ಲಿ ಏನು ಹೇಳ್ದೆ? ನನಗೇನೂ ಕೇಳಿಸ್ಲೇ ಇಲ್ವಲ್ಲ" ಎಂದು ಅವಳು ಬಿಸಿ ಚಿಪಾ ಒಂದನ್ನು ಅವನ ಜೇಬಿಗೆ ತುರುಕಿದಳು.

ಸಂಚು ಆಗಲೇ ಅವಳ ತಲೆಯಲ್ಲಿ ಹದವಾಗಿ ಉಬ್ಬತೊಡಗಿತ್ತು. ಅವಳ ಅಂಗಡಿ ಇದ್ದದ್ದು ಕರವಸ್ತ್ರದಷ್ಟು ಅಗಲದ ಒಂದು ಚೌಕದಲ್ಲಿ. ಸುತ್ತ ನಾಲ್ಕು ಬೀದಿ, ಅದರಲ್ಲಿ ಹಿಂದಿನದು ಬರೀ ಓಣಿ. ನಡುವೆ ಒಂದು ಮಾವಿನ ಮರ, ಅವಳ ಅಂಗಡಿ, ಹಿತ್ತಿಲಲ್ಲಿ ಒಲೆ. ಮಣ್ಣಿನ ಗುಮ್ಮಟದಂಥ ಆ ಒಲೆಯನ್ನು ಅವಳ ಗಂಡ ಸಾಯುವ ಮುಂಚಿನ ಬೇಸಿಗೆಯಲ್ಲಿ ಕೈಯಾರೆ ಕಟ್ಟಿದ್ದ. ಅದರ ಬಾಯಿಯ ಅಂಚಿನಲ್ಲಿ ಅವನ ಹೆಬ್ಬೆರಳಿನ ಗುರುತು ಇನ್ನೂ ಇತ್ತು. ನೆಲ ಮಾತ್ರ ಪುರಸಭೆಯದು. ಅವಳಿಗೆ ಅದರಲ್ಲಿ ಕೂರುವ ಹಕ್ಕಷ್ಟೇ ಇತ್ತು, ಆದರೆ ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಗಾಡಿಗಳು ಈ ಚೌಕವನ್ನು ಸುತ್ತುತ್ತಲೇ ಇದ್ದರೆ, ಪ್ರತಿ ಸುತ್ತಿಗೂ ಕೂಡುರಸ್ತೆಯಲ್ಲಿ ಹೊಸ ಗಾಡಿಯೊಂದು ಹುಟ್ಟಿದ ಹಾಗೆಯೇ ಅಲ್ಲವೇ?

ಪಾಲುದಾರರಿಗೆ ಬರವಿರಲಿಲ್ಲ. ಊರಿನ ಅರ್ಧ ಗಂಡಸರನ್ನು ದೀಕ್ಷಾಸ್ನಾನದ ದಿನ ತೋಳಲ್ಲಿ ಎತ್ತಿ ಹಿಡಿದ ಮದ್ರಿನಾ, ಅಂದರೆ ಧರ್ಮತಾಯಿ, ಅವಳೇ. ಮೀಸೆ ನೆರೆತರೂ ಧರ್ಮಪುತ್ರ ಧರ್ಮಪುತ್ರನೇ, ಮದ್ರಿನಾ ಕಣ್ಣಿಗೆ ಬಿದ್ದರೆ ಕೈಜೋಡಿಸಿ ಆಶೀರ್ವಾದ ಕೇಳದೆ ಮುಂದೆ ಹೋಗುವಂತಿಲ್ಲ. ಟ್ಯಾಕ್ಸಿಯ ಅರ್ಸೆನಿಯೊ, ನೀರಿನ ಟ್ಯಾಂಕರಿನ ಎಲಾದಿಯೊ, ಹೆಣದ ಗಾಡಿಯ ನೆಮೆಸಿಯೊ, ಹಾಲಿನವರು, ಫುಟ್‌ಬಾಲ್ ತಂಡದ ಬಸ್ಸಿನವನು, ಎಲ್ಲರೂ ಅವಳ ಮಕ್ಕಳೇ. ಪೊಲೀಸರು ಉಲ್ಟಾ ನೇತುಹಾಕಿದರೂ ಒಬ್ಬನೂ ಬಾಯಿ ಬಿಡುವವನಲ್ಲ.

ಕೂಲಿಯನ್ನೂ ಅವಳೇ ಗೊತ್ತುಮಾಡಿದಳು. ಸುತ್ತಿಗೊಂದು ಬಿಸಿ ಚಿಪಾ. ಅದನ್ನು ಕೊಡುವುದು ಹಿಂದಿನ ಓಣಿಯಲ್ಲಿ, ಹಿತ್ತಿಲ ಬಾಗಿಲಲ್ಲಿ. ಓಣಿ ಒಂದೇ ಗಾಡಿ ಹಿಡಿಸುವಷ್ಟು ಕಿರಿದು, ಮಾವಿನ ಕೊಂಬೆಗಳು ಬಾಗಿದ್ದರಿಂದ ಎಣಿಸುವವರ ಕಣ್ಣಿಗೆ ಮರೆ. ಡ್ರೈವರನ ಕಿಟಕಿ ಅವಳ ಕೈಗೆ ಸಿಗುವ ಹಾಗೆ ಬನ್ನಿ ಎಂದಳು. ಮಕ್ಕಳಿಗೂ ಅದೇ ಬೇಕಿತ್ತು. ಮದ್ರಿನಾಳಿಗೆ ಬೆನ್ನು ತೋರಿಸಿ ಆಶೀರ್ವಾದ ಕೇಳುವುದುಂಟೆ?

ಮಿಕ್ಕಿದ್ದು ವೇಷ. ಅದೇ ಗಾಡಿ ಅದೇ ಮುಖ ಹೊತ್ತು ಮತ್ತೆ ಮತ್ತೆ ಬಂದರೆ ಕುರುಡನಿಗೂ ಗೊತ್ತಾಗುತ್ತದೆ. ಹಾಗಾಗಿ ಟ್ಯಾಕ್ಸಿಗೆ ಒಂದು ಸುತ್ತಿನಲ್ಲಿ ಏಣಿ, ಮುಂದಿನದರಲ್ಲಿ ಹಾಸಿಗೆ, ಅದರ ಮುಂದಿನದರಲ್ಲಿ ಒಂದು ಜೀವಂತ ಹಂದಿ. ಫುಟ್‌ಬಾಲ್ ತಂಡಕ್ಕೆ ಒಮ್ಮೆ ಅಂಗಿ ತಿರುಗಿಸಿ ಹಾಕಿಕೊಳ್ಳಲು, ಒಮ್ಮೆ ಸನ್ಯಾಸಿನಿಯರಂತೆ ತಲೆಗೆ ಬಟ್ಟೆ ಕಟ್ಟಿಕೊಳ್ಳಲು ಅಪ್ಪಣೆಯಾಯಿತು. ಹೆಣದ ಗಾಡಿಗೆ ಒಮ್ಮೆ ಪೆಟ್ಟಿಗೆ, ಒಮ್ಮೆ ಪೆಟ್ಟಿಗೆ ಇಲ್ಲದೆ ಬರೀ ಹೂವು.

"ಮದ್ರಿನಾ, ಒಂದೇ ಬೆಳಿಗ್ಗೆ ಇಷ್ಟೊಂದು ಸಾವಾದ್ರೆ ಊರಿಗೆ ಪ್ಲೇಗು ಬಂದಿದೆ ಅಂತ ಎಣಿಸೋರು ಅಂದ್ಕೊಳ್ಳಲ್ವಾ?" ಎಂದು ನೆಮೆಸಿಯೊ ತಲೆ ಕೆರೆದುಕೊಂಡ.

"ಸೆಫೆರಿನಾ ಚಿಪಾ ತಿಂದವ್ರು ಅಂದ್ಕೋತಾರೆ ಬಿಡು."

ಗುರುವಾರ ಬೆಳಗಾಯಿತು. ಎಣಿಸುವವರು ಒಬ್ಬರಲ್ಲ, ನಾಲ್ವರು ಬಂದರು. ಚೌಕದ ನಾಲ್ಕು ಮೂಲೆಗೂ ಒಬ್ಬೊಬ್ಬರು ಕೊಡೆ ಬಿಚ್ಚಿ ಕುರ್ಚಿ ಹಾಕಿದರು. ದೆಯೊಲಿಂದಾಳ ಎದೆ ತುಂಬಿ ಬಂತು. ಒಂದು ಸುತ್ತಿಗೆ ನಾಲ್ಕು ಎಣಿಕೆ! ಅವಳೇ ತೆರೆರೆ ಹಿಡಿದು ಹೋಗಿ ಒಬ್ಬನ ತೊಡೆಯ ಮೇಲಿದ್ದ ಎಣಿಕೆಯ ಹಲಗೆಯನ್ನು ಪರೀಕ್ಷಿಸಿದಳು. ಅದರಲ್ಲಿ ಒತ್ತುವ ಗುಂಡಿಗಳು ತುಂಬಾ ಇದ್ದವು.

"ಗಾಡಿ ಎಣಿಸೋಕೆ ಒಂದು ಗುಂಡಿ ಸಾಕಲ್ವೇನಪ್ಪಾ?"

"ಎಲ್ಲಾ ಬೇಕಾಗುತ್ತೆ, ನ್ಯಾ" ಎಂದ ಎಣಿಸುವವನು, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯಿಂದ. ಸರ್ಕಾರಿ ಸಾಮಾನು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಇಟ್ಟಿರಬೇಕು ಎಂದುಕೊಂಡು ಅವಳು ಹಿತ್ತಿಲಿಗೆ ಹೋದಳು.

ಆಮೇಲೆ ಶುರುವಾಯಿತು ಮೆರವಣಿಗೆ. ಏಣಿ ಬಂತು, ಹಾಸಿಗೆ ಬಂತು, ಹಂದಿ ಕಿರುಚುತ್ತಾ ಬಂತು. ಸನ್ಯಾಸಿನಿಯರು ಮೀಸೆ ಸಮೇತ ಬಂದರು. ಹೆಣದ ಗಾಡಿ ಬಂದಾಗಲೆಲ್ಲ ಮೂಲೆಯವನು ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿ ಗುಂಡಿ ಒತ್ತುತ್ತಿದ್ದ. ಓಣಿಯಲ್ಲಿ ಒಂದಾದ ಮೇಲೊಂದು ಕಿಟಕಿಯಿಂದ ಜೋಡಿಸಿದ ಕೈಗಳು ಹೊರಬರುತ್ತಿದ್ದವು. ಅವಳು ಎಡಗೈಯಲ್ಲಿ ಚಿಪಾ ಕೊಡುತ್ತಾ ಬಲಗೈಯಲ್ಲಿ ಆಶೀರ್ವಾದ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ತೋಳು ಸೋತಿತ್ತು, ಹಿಟ್ಟು ತೀರಿತ್ತು, ಮನಸ್ಸು ಮಾತ್ರ ಕುಣಿಯುತ್ತಿತ್ತು. ಇಷ್ಟು ಸಲೀಸಾಗಿ ಸರ್ಕಾರವನ್ನು ಯಾಮಾರಿಸಿದವರು ಯಾರಿದ್ದಾರೆ!

ಕೆಲವು ವಾರಗಳ ಮೇಲೆ ಇಂಜಿನಿಯರ್ ಫ್ರೆತೆಸ್ ಬಂದಳು. ಕೆಲಸದಲ್ಲಿ ನಿಯತ್ತಿನ ಹೆಣ್ಣುಮಗಳು. ಹಿತ್ತಿಲ ಬಾಗಿಲಲ್ಲಿ ನಿಂತು ದೆಯೊಲಿಂದಾಳ ಕೈ ಹಿಡಿದುಕೊಂಡಳು.

"ನ್ಯಾ, ಇಂಥ ಜಂಕ್ಷನ್ ನಾನು ಜೀವಮಾನದಲ್ಲೇ ನೋಡಿಲ್ಲ. ತಾಳೋ ಶಕ್ತಿಗಿಂತ ಎಷ್ಟೋ ಪಟ್ಟು ಗಾಡಿ!"

"ಹಾಗಾದ್ರೆ ಸಿಗ್ನಲ್ ಯಾವಾಗ ಹಾಕ್ತೀಯ ಮಗಳೇ?"

"ಅಯ್ಯೋ, ಸಿಗ್ನಲ್ ಹಾಕಿದ್ರೆ ಹೊಳೆತನಕ ಸಾಲು ನಿಲ್ಲುತ್ತೆ! ಇಲ್ಲಿ ಸರ್ಕಲ್ ಮಾಡ್ತೀವಿ. ಸರ್ಕಲ್‌ನಲ್ಲಿ ಯಾರೂ ನಿಲ್ಲೋದೇ ಬೇಡ, ಸುತ್ತಿಕೊಂಡು ಹೋಗ್ತಾನೇ ಇರ್ತಾರೆ. ಜನ ಈಗಾಗ್ಲೇ ಸುತ್ತುತ್ತಿದ್ದಾರೆ. ನಾವು ನಡುವೆ ಇರೋದನ್ನ ತೆಗೆದ್ರೆ ಆಯ್ತು."

ನಡುವೆ ಇದ್ದದ್ದು ಮಾವಿನ ಮರ, ಅಂಗಡಿ, ಒಲೆ. ದೆಯೊಲಿಂದಾ ತಿರುಗಿ ಒಲೆಯ ಬಾಯಿಯಲ್ಲಿದ್ದ ಹೆಬ್ಬೆರಳಿನ ಗುರುತನ್ನು ನೋಡಿದಳು. ನಿಜ ಹೇಳಿದರೆ ಒಲೆ ಉಳಿಯುತ್ತದೆ, ಆದರೆ ಮಕ್ಕಳೆಲ್ಲ ಜೈಲಿಗೆ.

"ಬೇಜಾರು ಮಾಡ್ಕೋಬೇಡಿ. ನಡುವೆ ನಿಮ್ಮ ಒಲೆ ಥರಾನೇ ಸಿಮೆಂಟಿನದೊಂದು ಕಟ್ಟಿಸ್ತೀವಿ" ಎಂದಳು ಫ್ರೆತೆಸ್.

"ಸುತ್ತುತ್ತಾರೆ ಅಂತ ನಿನಗೆ ಹೇಳಿದ್ಯಾರು?" ದೆಯೊಲಿಂದಾ ಕೇಳಿದಳು. "ಅವರು ಎಣಿಸಿದ್ದು ಬರೀ ಗಾಡಿ ತಾನೆ?"

ಫ್ರೆತೆಸ್ ನಕ್ಕು ಎಣಿಕೆಯ ಹಲಗೆಯನ್ನು ಅವಳ ಎಡಗೈಗೆ ಕೊಟ್ಟಳು. "ಒಂದೊಂದು ದಾರಿಗೂ ಮೂರು ಗುಂಡಿ, ನ್ಯಾ. ನೇರ ಹೋದವರಿಗೆ ಒಂದು, ಬಲಕ್ಕೆ ತಿರುಗಿದವರಿಗೆ ಒಂದು, ಎಡಕ್ಕೆ ತಿರುಗಿದವರಿಗೆ ಒಂದು. ನೋಡಿ, ಉಳಿದದ್ದೆಲ್ಲ ಹೊಸದರ ಹಾಗಿದೆ, ಎಡಗಡೆಯದು ಮಾತ್ರ ಸವೆದು ಹೊಳೀತಿದೆ. ನಾಲ್ಕು ಮೂಲೇಲೂ ಇದೇ ಕತೆ." ಡ್ರೈವರನ ಕಿಟಕಿ ಎಡಕ್ಕಿರುತ್ತದೆ, ಮದ್ರಿನಾ ಆ ಕಿಟಕಿಗೆ ಸಿಗಬೇಕಾದರೆ ಪ್ರತಿ ಮೂಲೆಯಲ್ಲೂ ಎಡಕ್ಕೇ ತಿರುಗಬೇಕು ಎನ್ನುವುದು ದೆಯೊಲಿಂದಾಳಿಗೆ ಆಗ ಹೊಳೆಯಿತು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ನೆಮೆಸಿಯೊನ ಹೆಣದ ಗಾಡಿ ಅಭ್ಯಾಸಬಲದಿಂದ ಎಡಕ್ಕೆ ಹೊರಳಿ ಬಂತು, ಕಿಟಕಿಯಿಂದ ಎರಡು ಕೈಗಳು ಜೋಡಿಕೊಂಡು ಹೊರಬಂದವು. "ಆಶೀರ್ವಾದ, ಮದ್ರಿನಾ!" ಅವಳ ಬಲಗೈ ತಾನಾಗಿ ಮೇಲೆದ್ದಿತು, ಎಡಗೈಯ ಹೆಬ್ಬೆರಳು ತಾನಾಗಿ ಆ ಸವೆದ ಗುಂಡಿಯನ್ನು ಒತ್ತಿತು.