ಹುಚ್ಚು ಕುದುರೆ

ಸತ್ತವರು ಚೆಸ್ ಆಡುತ್ತಾರೆಯೇ?

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಊಟದ ಹೊತ್ತು. ಮೊಬೈಲ್ ಹಿಡಿದು ಕೂತಿದ್ದ ದಾನೇಶ್ವರಿಯ ಮೈ ಜುಮ್ಮೆಂದಿತು. ರೊಟ್ಟಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

ಮೂರು ನಿಮಿಷದ ಆಟ. ಆಟಕ್ಕೆ ಕರೆದವನ ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ನಾಲ್ಕನೇ ನಡೆಗೇ ಅವನು ಒಂದು ಪೇದೆಯ ಆಸೆಗೆ ತನ್ನ ಕುದುರೆಯನ್ನು ಬಲಿ ಕೊಟ್ಟಿದ್ದ!

ಬುದ್ಧಿ ನೆಟ್ಟಗಿರುವವರು ಹೀಗೆ ಆಡುವುದಿಲ್ಲ. ಎದುರಿನವರು ತಬ್ಬಿಬ್ಬಾದರೆ ಗೆಲುವು, ತಾಳ್ಮೆಯಿಂದ ಆಡಿದರೆ ಸೋಲು. ಇದಕ್ಕೆ 'ಹುಚ್ಚು ಕುದುರೆ' ಎಂದು ಹೆಸರಿಟ್ಟು ಕಲಿಸಿದವನು ಸಿದ್ರಾಮ... ಅವಳ ಸಿದ್ರಾಮ!

ಅವನು ಹೋಗಿ ಒಂದು ಮಳೆಗಾಲ ಕಳೆದಿತ್ತು. ಅವನು ತನ್ನ ಫ್ಯಾಕ್ಟರಿಯ ಪ್ರೆಸ್ ಮಷಿನ್‌ಗೆ ಸಿಕ್ಕನೆಂದು ಕೇಳಿ ರಾಜಗೋಪಾಲನಗರದ ಅವನ ರೂಮಿಗೆ ಓಡಿದ್ದಳು. ಬಾಗಿಲಿಗೆ ಬೀಗ, ಫೋನ್ ಸ್ವಿಚ್ ಆಫ್. ಮನೆ ಓನರ್ ಚಿಕ್ಕಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಓಗ್ಬುಟ್ಟ ಕಣವ್ವಾ!" ಅಂದಿದ್ದಳು.

ಹೆಣ ಊರಿಗೆ ಹೋಗಿರಬೇಕು ಅಂದುಕೊಂಡು ತುಟಿ ಕಚ್ಚಿ ಹಿಂದಿರುಗಿದ್ದಳು. ಹೆಚ್ಚು ಕೇಳಲು ಅವಳು ಅವನಿಗೇನಾಗಬೇಕಿತ್ತು? ತಾಳಿಯಿಲ್ಲ, ನಿಶ್ಚಯವಿಲ್ಲ...

ಸ್ಕ್ರೀನ್ ಮೇಲೆ ಕಾಯಿಗಳು ಸರಿಯುತ್ತಿದ್ದವು. ಅದೇ ಮೊಂಡು ದಾಳಿ! ಆದರೆ ಏಕೋ ನಿಧಾನ. ಗೆಲ್ಲುವ ಆಟದಲ್ಲೇ ಟೈಮ್ ಮುಗಿದು ಅವನು ಸೋತ.

"ಯಾರು ನೀವು?" ಟೈಪ್ ಮಾಡಿದಳು.

"ಕುದುರಿ ಸತ್ರೂ ಸವಾರ ಸಾಯಂಗಿಲ್ಲ."

ಅಯ್ಯೋ! ಕುದುರೆ ಕೊಟ್ಟಾಗಲೆಲ್ಲ ಅವಳ ಕಿವಿಯಲ್ಲಿ ಮಾತ್ರ ಅವನು ಹೇಳುತ್ತಿದ್ದ ಮಾತು!

"ಎಲ್ಲಿದ್ದಿ?"

"ಅದ ರೂಮು."

ಅಷ್ಟೇ. ಆ ಅಂಕಿಗಳ ಪಕ್ಕದ ಹಸಿರು ಚುಕ್ಕೆ ಆರಿಹೋಯಿತು.

'ದೆವ್ವವೇ ಆಗಿರಲಿ... ಒಂದು ಸಲ ನೋಡಬೇಕು.'

ಸಂಜೆ ಹೋದಾಗ ಓಣಿಗೆಲ್ಲ ಕರೆಂಟಿಲ್ಲ. ಬೀಗವಿಲ್ಲ, ಬಾಗಿಲು ಓರೆ. ಒಳಗೆ ಮೊಬೈಲಿನ ನೀಲಿ ಬೆಳಕಿನಲ್ಲಿ ಅವನ ಮುಖ. ಬಡಕಲಾಗಿತ್ತು, ರೆಪ್ಪೆ ಮಿಟುಕಲಿಲ್ಲ. ಬಲಗಡೆ ಅಂಗಿಯ ತೋಳು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು, ಒಳಗೆ ಕೈಯೇ ಇಲ್ಲ!

ದಾನೇಶ್ವರಿ ಕಿಟಾರನೆ ಚೀರಿದಳು.

"ಯಾಕವ್ವಾ ಇಂಗ್ ಕಿರುಚ್ತೀಯ?" ಚಿಕ್ಕಮುನಿಯಮ್ಮ ಬುಡ್ಡಿದೀಪ ಹಿಡಿದು ಓಡಿಬಂದಳು.

"ಇಂವ ಸತ್ತಾನಲ್ರೀ ಅಜ್ಜಿ! ಹೋಗ್ಬಿಟ್ಟ ಅಂತ ನೀವ ಹೇಳಿದ್ರಿ!"

"ಥೂ, ಬಿಡ್ತು ಅನ್ನು! ಆಸ್ಪತ್ರೆಯಿಂದ ಅಂಗೇ ಊರ್ಗ್ ಓಗ್ಬುಟ್ಟ ಅಂದೆ ಕಣಮ್ಮಾ! ಸಾಮಾನ್ ತಗಂಡೋಗಕ್ ಬಂದವ್ನೆ. ಬೆಳಗಾದ್ರೆ ರೂಮ್ ಖಾಲಿ."

ನೋಡಿ, ಒಂದು ಮಾತು ಎಷ್ಟು ಕಣ್ಣೀರು ಹರಿಸಿತು!

ಮುದುಕಿ ದೀಪವನ್ನು ಅಲ್ಲೇ ಇಟ್ಟು ಮೆಲ್ಲಗೆ ಹೊರಗೆ ಹೋದಳು.

"ನೀ ಹುಡುಕ್ಕೊಂಡು ಬರ್ಲಿಲ್ಲ," ಸಿದ್ರಾಮ ತಲೆ ತಗ್ಗಿಸಿದ. "ಕೈ ಹೋದಾಂವ ಯಾಕ ಬೇಕು ಅಂತ ಬಿಟ್ಟಿ ಅನ್ಕೊಂಡೆ. ಎಡಗೈಲೆ ಆಡೂದು ಕಲ್ತೆ... ಹೋಗೂಕಿಂತ ಮೊದಲ ನಿನ್ನ ಜೋಡಿ ಒಂದ ಆಟ ಸಾಕಿತ್ತು."

"ನಾ ದಿನಾ ಸತ್ತವನ ಜೋಡಿ ಮಾತಾಡ್ಕೋತ ಬದುಕೀನಿ, ಹುಚ್ಚ!" ಅವಳ ದುಃಖ ಕಟ್ಟೆಯೊಡೆಯಿತು.

"ದಾನವ್ವಾ... ನನ್ನ ಕಡೆ ಕಾಯಿ ಕಡಿಮಿ ಐತಿ. ಇದು ಸೋಲೂ ಆಟ."

ಅವಳು ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಬೆಚ್ಚಗಿತ್ತು. ಜೀವವಿತ್ತು!

"ಎದುರಿನವರು ತಬ್ಬಿಬ್ಬಾದ್ರ ಗೆಲುವು ಅಂತ ನೀನ ಕಲಿಸಿದ್ಯಲ್ಲ?"

"ಹೂಂ..."

"ಹಂಗಾರ ಗೆದ್ದಿ ತಗೋ. ನಿನ್ನ ನೋಡಿದಾಗಿಂದ ನಾ ತಬ್ಬಿಬ್ಬಾಗೇ ನಿಂತೀನಿ."