ಕೌದಿ ತುರುಕಿದ ಕಿಟಕಿ

ಬೆಂಕಿಗೆ ಇನ್ನೂ ಒಲೆ ಸಿಕ್ಕಿರದ ಕಾಲವಂತೆ ಅದು. ಬೆಂಕಿ ಗಾಳಿಯೊಳಗೇ ಅಡಗಿಕೊಂಡು ಊರೂರು ತಿರುಗುತ್ತಿತ್ತಂತೆ. ಆಗ ಒಬ್ಬ ರಾಜನಿಗೆ ಒಬ್ಬಳೇ ಮಗಳು. ಅವಳಿಗೆ ಬಿಸಿ ಯಾವುದು, ತಂಪು ಯಾವುದು ತಿಳಿಯುತ್ತಿರಲಿಲ್ಲ. ಕುದಿಯುವ ಹಾಲಿನಲ್ಲಿ ಬೆರಳದ್ದಿ, "ಹಾಲು ಬೆಳ್ಳಗ ಐತಿ" ಅನ್ನುತ್ತಿದ್ದಳಂತೆ. ಅಷ್ಟೇ.

ಈ ಕಥೆಯ ಕೊನೆ ನನಗೆ ಗೊತ್ತಿಲ್ಲ. ನಮ್ಮಾಯಿ, ಅಂದರೆ ನಮ್ಮಪ್ಪನ ಅವ್ವ ಶಿವವ್ವ, ಇದನ್ನು ಬಚ್ಚಲ ಒಲೆಯ ಮುಂದೆ ಕೂತು ಹೇಳುತ್ತಿದ್ದಳು. ಮಗಳಿಗೆ ಬಿಸಿ ತಿಳಿಸುವವರು ಬೇಕು ಅಂತ ರಾಜ ಡಂಗುರ ಸಾರಿಸುವ ಹೊತ್ತಿಗೆ ಹಂಡೆಯ ನೀರು ಕಾದಿರುತ್ತಿತ್ತು. "ಏಳ ದಾಕ್ಷಿ, ಜಳಕಕ್ಕ ಹೋಗು" ಅನ್ನುವಳು. ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಹೋದ ವೈಶಾಖದಲ್ಲಿ ನನಗೆ ಮದುವೆಯ ಸುರಗಿ ನೀರು ಹಾಕಿದರು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂರಿಸಿ, ಓಣಿಯ ಮುತ್ತೈದೆಯರು ಹಾಡುತ್ತ ಬಿಸಿನೀರು ಸುರಿದರು. ಕೂದಲು ಇನ್ನೂ ಆರಿರಲಿಲ್ಲ, ಮೂಡಲಗಿಯಿಂದ ಫೋನ್ ಬಂತು. ಗಂಡಿಗೆ ಈ ಮದುವೆ ಬೇಡವಂತೆ.

ನಾನು ಅಳಲಿಲ್ಲ. ಮರುದಿನ ಮೈಯ ಅರಿಷಿಣವನ್ನು ತಣ್ಣೀರಲ್ಲಿ ತೊಳೆದುಕೊಂಡೆ. ಆಮೇಲೆ ದಿನವೂ ತಣ್ಣೀರೇ. ಚಳಿ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ. ಅರಭಾವಿಯ ತೋಟಗಾರಿಕೆ ಕಾಲೇಜಿನ ಲ್ಯಾಬಿಗೆ ಹೋಗುತ್ತಿದ್ದೆ, ಮೊಳಕೆಯೊಡೆದ ಬೀಜ ಎಣಿಸುತ್ತಿದ್ದೆ, ಬಸ್ಸು ಹತ್ತಿ ನಮ್ಮೂರು ಘೋಡಗೇರಿಗೆ ಬರುತ್ತಿದ್ದೆ.

ದೀಪಾವಳಿ ಹೊತ್ತಿಗೆ ಆಯಿಯ ಕೆಮ್ಮು ಜೋರಾಯಿತು. ಒಲೆಯ ಹೊಗೆ ಬಂದ್ ಆಗಬೇಕು ಅಂದರು ಡಾಕ್ಟರು. ನಮ್ಮದು ಮಣ್ಣಿನ ಮಾಳಿಗೆ, ಮೇಲೆ ಸೋಲಾರ್ ಟ್ಯಾಂಕು ಕೂರಿಸುವಂತಿಲ್ಲ. ಗೀಸರ್ ಹಾಕಿದರೆ ಹಳೆಯ ವೈರಿಂಗು ಸುಟ್ಟೀತು ಅಂತ ಅಪ್ಪನ ಹೆದರಿಕೆ. ಕೊನೆಗೆ ಆಯಿ ನನ್ನನ್ನು ಎಳೆದುಕೊಂಡು ಗೋಕಾಕಿನ ಅಂಗಡಿಯೊಂದಕ್ಕೆ ಹೋದಳು.

ಅಂಗಡಿಯವನ ಹೆಸರು ಗುರುಪಾದ. ಮೂವತ್ತರ ಆಸುಪಾಸು, ಕಿವಿಯ ಮೇಲೆ ಒಂದು ಪೆನ್ಸಿಲ್. ಒಂದು ಬಿಳಿ ಪೆಟ್ಟಿಗೆ, ಅದರ ಬಾಜೂಕೆ ಒಂದು ಟ್ಯಾಂಕು ತೋರಿಸಿ, "ಹೀಟ್ ಪಂಪ್ ಅಂತಾರ್ರಿ ಇದಕ್ಕ" ಅಂದ.

"ಇದರಾಗ ಬೆಂಕಿ ಎಲ್ಲೈತೋ ತಮ್ಮಾ?" ಆಯಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದಳು.

"ಬೆಂಕಿ ಇಲ್ರಿ ಆಯಿ. ಗಾಳ್ಯಾಗಿನ ಬಿಸಿ ಹೀರಿ ನೀರಿಗೆ ಕೊಡತೈತಿ. ಗೀಸರಿನಷ್ಟು ಕರೆಂಟ್ ಬೇಡೂದಿಲ್ಲ."

"ಥಂಡಿ ದಿನದಾಗ ಗಾಳ್ಯಾಗ ಬಿಸಿ ಎಲ್ಲಿರತೈತಿ? ಮಳ್ಳ ಮಾಡಬ್ಯಾಡ ನನ್ನ."

"ಥಂಡಿ ಗಾಳ್ಯಾಗೂ ಇರತೈತ್ರಿ. ನಮಗ ಗೊತ್ತಾಗೂದಿಲ್ಲ, ಅಷ್ಟ."

ಹಾಗನ್ನುವಾಗ ಅವನು ಆಯಿಯ ಬದಲು ನನ್ನ ಕಡೆ ನೋಡಿದ. ನಾನು ಅವನ ಪೆನ್ಸಿಲ್ ನೋಡಿದೆ.

"ಈಕಿ ವರ್ಷಾತು, ತಣ್ಣೀರ ಹಾಕ್ಕೋತಾಳ," ಆಯಿ ನನ್ನನ್ನು ತೋರಿಸಿದಳು. ಏಳೇ ತಿಂಗಳಾಗಿತ್ತು. ನಾನು ತಿದ್ದಲಿಲ್ಲ. "ಸಂಕ್ರಮಣದ ಭೋಗಿ ದಿನ ಎಳ್ಳ ಹಚ್ಚಿ ಈಕಿಗೆ ನನ್ನ ಕೈಯಾರೆ ಬಿಸಿನೀರ ಹಾಕಬೇಕು. ಆಗತೈತೇನು?"

"ಆಗತೈತ್ರಿ. ಮಾತು ಕೊಟ್ಟೆ."

"ಆಗಲಿಲ್ಲಂದ್ರ ನಿನ್ನ ಪೆಟಿಗಿ ನೀ ಒಯ್ಯಿ. ನಾ ಒಲಿ ಹೊತ್ತಸ್ತೇನಿ. ಕೆಮ್ಮಿ ಸತ್ತರ ನಿನ್ನ ಹೆಸರ ಹೇಳಿ ಸಾಯ್ತೇನಿ."

ಅವನು ನಕ್ಕ. ನಮ್ಮ ಹುಕ್ಕೇರಿ ಕಡೆಗೆ ಅವನು ಮಾರಿದ ಮೊದಲ ಮಷೀನು ಅದು.

ಜೋಡಿಸಲು ಮನೆಗೆ ಬಂದವನು ಪೆಟ್ಟಿಗೆಯನ್ನು ಅಂಗಳದಲ್ಲಿ ಇಡಬೇಕು ಅಂದ. ಆಯಿ ಒಪ್ಪಲಿಲ್ಲ. ನೀರೊಲೆ ಇದ್ದದ್ದು ಬಚ್ಚಲ ಕೋಣೆಯ ಆಗ್ನೇಯ ಮೂಲೆಯಲ್ಲಿ, ಇದೂ ಅಲ್ಲೇ ಕೂರಬೇಕು. ಎರಡು ಕಪ್ ಚಹಾ ಮುಗಿಯುವವರೆಗೆ ವಾದ ನಡೆದು, ಅವನೇ ಸೋತ. ಮೂಲೆಯ ಕಿಟಕಿಯನ್ನು ಪೂರ್ತಿ ತೆರೆದು ನನಗೆ ಹೇಳಿದ: "ಇದನ್ನ ಮುಚ್ಚಾಕ ಬಿಡಬ್ಯಾಡ್ರಿ. ಒಲಿಗೆ ಕಟಿಗಿ ಇದ್ದಂಗ ಇದಕ್ಕ ಗಾಳಿ."

ಸಂಜೆಗೆ ನಳ ಬಿಟ್ಟು, "ಕೈ ಹಿಡೀರಿ. ಕಾದೈತೇನು?" ಅಂದ.

ಹಿಡಿದೆ. "ಗೊತ್ತಾಗವಲ್ದು."

ಅವನು ನನ್ನ ಕೈ ನೋಡಿದ. ಅಂಗೈ ಕೆಂಪಗಾಗಿತ್ತು. ನಳ ಬಂದ್ ಮಾಡಿ, ಚೀಲದಿಂದ ಒಂದು ಥರ್ಮಾಮೀಟರ್ ತೆಗೆದುಕೊಟ್ಟ. "ಕೈ ಬ್ಯಾಡ್ರಿ, ಇದನ್ನ ಹಿಡೀರಿ. ದಿನಾ ಮುಂಜಾನಿ ನಂಬರ್ ಕಳಸ್ರಿ."

ಕಳಿಸಿದೆ. "52."

"ಬರೇ 52 ಏನ್ರಿ? ಚಾ ಆತೇನು ಅಂತಾದ್ರೂ ಕೇಳ್ರಿ."

"ಚಾ ಆತೇನು?"

"ಆತು. ಸಕ್ಕರಿ ಕಡಿಮಿ ಬಿದ್ದಿತ್ತು."

ಮರುದಿನ "53" ಕಳಿಸಿದೆ. "ಒಂದ ಡಿಗ್ರಿ ಏರಿತಲ್ರಿ! ನನ್ನ ಮ್ಯಾಲಿನ ಅಭಿಪ್ರಾಯಾನೂ ಏರೇತೇನು?"

"ನಾ ಬರೇ ನೀರಿಂದ ಅಳೀತೇನಿ."

ಹೀಗೆ ತಿಂಗಳಾಯಿತು. ಮನೆಯವರೆಲ್ಲ ಬಿಸಿನೀರಲ್ಲಿ ಮಿಂದರು. ನಾನು ನಂಬರ್ ಬರೆದು, ತಣ್ಣೀರ ಕೊಡ ಎತ್ತಿಕೊಳ್ಳುತ್ತಿದ್ದೆ. ಭೋಗಿ ಬರಲಿ ಅಂತ ಆಯಿ ಸುಮ್ಮನಿದ್ದಳು.

ಭೋಗಿಗೆ ಆರು ದಿನ ಇರುವಾಗ ಚಳಿ ಕಡುವಾಯಿತು. ಆಯಿ ಬಚ್ಚಲ ಕೋಣೆಗೆ ಹೋಗಿ ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೆಯ ಕೌದಿ ತುರುಕಿದಳು. ಅರವತ್ತು ವರ್ಷದ ರೂಢಿ. ಬಾಗಿಲು ಕಿಟಕಿ ಮುಚ್ಚಿದರೆ ಹಂಡೆಯ ಬಿಸಿ ಆರುವುದಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೇಳಬೇಕಿತ್ತು. ಬಾಯಿ ತೆರೆಯುವುದೂ ಕೆಲಸ ಅನ್ನಿಸಿತು.

ಮರುದಿನ "46" ಕಳಿಸಿದೆ. ಮೆಸೇಜ್ ಬರಲಿಲ್ಲ, ಫೋನ್ ಬಂತು. ಅವನ ಧ್ವನಿ ನಿದ್ದೆಯಿಂದ ಆಗಷ್ಟೇ ಎದ್ದಂತಿತ್ತು. "ಯಾಕ್ರಿ ಇಳೀತು? ವೋಲ್ಟೇಜ್ ಐತೇನು?"

"ಐತ್ರಿ."

"ನೀವು ಅರಾಮ ಅದೀರೇನು?"

ಹೂಂ ಅಂದೆ. ಫೋನ್ ಇಟ್ಟ ಮೇಲೂ ಕಿವಿ ಬೆಚ್ಚಗಿತ್ತು. ಅದನ್ನು ಮುಟ್ಟಿ ನೋಡಿಕೊಂಡೆ.

ಮಾರನೆಯ ದಿನ 43. ಮತ್ತೆ ಫೋನ್. ಪೆಟ್ಟಿಗೆ ಗಾಳಿ ಹೀರುವ ಜಾಲರಿ ತೊಳೆ ಅಂದ, ತೊಳೆದೆ. 41. ಮತ್ತೊಮ್ಮೆ ತೊಳೆ ಅಂದ, ಮತ್ತೆ ತೊಳೆದೆ. ಅವನು ಕೇಳಿದ್ದಕ್ಕೆಲ್ಲ ಖರೇನೇ ಹೇಳಿದೆ. ಕಿಟಕಿಯ ಬಗ್ಗೆ ಅವನು ಕೇಳಲೇ ಇಲ್ಲ, ಅದನ್ನು ನನಗೆ ಒಪ್ಪಿಸಿದ್ದನಲ್ಲ. ಇತ್ತ ಆ ಪೆಟ್ಟಿಗೆ ತಣ್ಣನೆ ಗಾಳಿ ಊದುತ್ತ ಕೋಣೆಯನ್ನೆಲ್ಲ ತಂಪು ಮಾಡಿತ್ತು. ಆಯಿ ಅದರ ಮುಂದೆ ಬೆಣ್ಣೆಯ ಗಡಿಗೆ ಇಟ್ಟಿದ್ದಳು. "ನೀರ ಕಾಸೂದಿಲ್ಲ, ಬೆಣ್ಣಿ ಮಾತ್ರ ಛಲೋ ಗಟ್ಟಿ ಮಾಡತೈತಿ!"

ಭೋಗಿಯ ಹಿಂದಿನ ದಿನ 36. ಆಯಿ ಅಂಗಳಕ್ಕೆ ಹತ್ತಿಕಟಿಗೆಯ ಹೊರೆ ತಂದು ಹಾಕಿದಳು. ಹಾಕಿ ಕೂತು ಕೆಮ್ಮಿದಳು. ಆ ಕೆಮ್ಮು ಕೇಳಿ ಓಡಿಹೋಗಿ ಅವಳ ಬೆನ್ನು ಸವರಿದೆ. ಎಷ್ಟೋ ದಿನದ ಮೇಲೆ.

ಹೊರಗೆ ಬೈಕ್ ನಿಂತಿತು. ಗುರುಪಾದ. ಅವನ ಕಣ್ಣು ಕೆಂಪಗಿದ್ದವು.

"ಬಿಚ್ಚಿ ಒಯ್ತೇನ್ರಿ," ಅಂದ ನನಗೆ. "ಆಯಿಗೆ ಕೊಟ್ಟ ಮಾತ ನಡಸಾಕ ಆಗಲಿಲ್ಲ."

ಅವನು ಬಚ್ಚಲ ಕೋಣೆಯ ಕಡೆ ತಿರುಗಿದ. ನಾನು ಅಡ್ಡ ನಿಂತೆ.

"ಒಳಗ ಹೋಗೂ ಮೊದಲ ಕೇಳ್ರಿ. ಕಿಟಕಿ ಮುಚ್ಚೇತಿ. ಐದ ದಿನದಿಂದ. ನನಗ ಗೊತ್ತಿತ್ತು."

ಅವನು ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದ. "ಗೊತ್ತಿದ್ದೂ ಹೇಳಲಿಲ್ಲ?"

"ಮೊದಲ ದಿನ ಸುಮ್ಮನ ಹೇಳಲಿಲ್ಲ. ಆಮ್ಯಾಲ..." ಬೇರೆ ಯಾರದೋ ಮಾತನ್ನು ಒಪ್ಪಿಸುತ್ತಿದ್ದೇನೆ ಅನ್ನಿಸಿತು. "ನೀರ ಕಾದ್ರ ನೀವು ಫೋನ್ ಮಾಡತಿರಲಿಲ್ಲ."

ಗೋಡೆಯಾಚೆ ಆಯಿ ಕಟಿಗೆ ಮುರಿಯುವ ಸದ್ದು. ಅವನು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿದ.

"ಎರಡ ಸಲ ಜಾಲರಿ ತೊಳಸೇನಿ ನಿಮ್ಮ ಕೈಲೆ."

"ಹೌದ್ರಿ."

"ಇವತ್ತ ಮೂರನೇ ಸಲ ಹೇಳಾಂವ ಇದ್ದೆ."

"ತೊಳೀತಿದ್ದೆ."

ಅವನಿಗೆ ನಗು ತಡೆಯಲಾಗಲಿಲ್ಲ. ಕೆಂಪು ಕಣ್ಣಲ್ಲೇ ನಕ್ಕ. ಆಮೇಲೆ ದನಿ ತಗ್ಗಿಸಿ, "ನೀರ ಕಾದ್ರೂ ಫೋನ್ ಮಾಡತೇನ್ರಿ ದಾಕ್ಷಾಯಿಣಿ. ಬ್ಯಾಡ ಅನ್ನೂಮಟ. ನಿಮ್ಮ ಆಯಿ ಪೆಟಿಗಿ ಜೋಡಿ ನನ್ನನ್ನೂ ಹೊರಗ ಹಾಕಲಿಲ್ಲಂದ್ರ."

"ಏನದು ಗುಸುಗುಸು?" ಆಯಿ ಬಂದಳು.

"ಆಯಿ, ನಿಮ್ಮ ಕೌದಿ ನೀರಿನ ಬಿಸಿ ನುಂಗಾಕತ್ತೈತ್ರಿ."

"ನನ್ನ ಕೌದಿ? ಬಿಸಿ ಹೊರಗ ಹೋಗಬಾರದಂತ ಹಾಕೇನೋ ನಾ!"

"ಇದಕ್ಕ ಬಿಸಿ ಹೊರಗಿಂದ ಬರಬೇಕ್ರಿ ಆಯಿ."

ಆಯಿ ಕೌದಿ ನೋಡಿದಳು, ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಕೌದಿಯನ್ನು ತಾನೇ ಎಳೆದು ಹಾಕಿದಳು. ಆ ಮಧ್ಯಾಹ್ನ ಪೆಟ್ಟಿಗೆ ಅಂಗಳಕ್ಕೆ ಹೋಯಿತು, ಅದೇ ಆಗ್ನೇಯ ಮೂಲೆಯ ಹೊರಗೋಡೆಗೆ. ಆಯಿ ತಕರಾರು ಮಾಡಲಿಲ್ಲ. ಅವನಿಗೆ ರೊಟ್ಟಿಯ ಮೇಲೆ ಆ ಗಟ್ಟಿ ಬೆಣ್ಣೆ ಇಟ್ಟು ಕೊಟ್ಟಳು.

ಭೋಗಿಯ ಮುಂಜಾನೆ ಬಿಳಿ ಎಳ್ಳನ್ನು ಅರೆದು ನನ್ನ ಬೆನ್ನಿಗೆ, ತೋಳಿಗೆ ಹಚ್ಚಿದಳು. ನಾನು ಮಣೆಯ ಮೇಲೆ ಕೂತಿದ್ದೆ, ಸುರಗಿಯ ದಿನ ಕೂತ ಹಾಗೆಯೇ. ನೂಲು ಇರಲಿಲ್ಲ, ತಂಬಿಗೆ ಒಂದೇ.

"ಆಯೀ, ಆ ರಾಜನ ಮಗಳು ಏನಾದ್ಲು ಕಡೀಕ?"

"ಆಕಿ ಸುದ್ದಿ ಈಗ್ಯಾಕ? ತಲಿ ಬಗ್ಗಸು."

ಮೊದಲ ತಂಬಿಗೆ ನೆತ್ತಿಯ ಮೇಲೆ ಬಿತ್ತು. ಕತ್ತಿಗೆ ಇಳಿಯಿತು, ಬೆನ್ನಿಗೆ ಇಳಿಯಿತು.

"ಅಯ್ಯ ಆಯೀ, ಸುಡತೈತಿ!"

ಆಯಿಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಎರಡನೆಯ ತಂಬಿಗೆ ಸುರಿದಳು. ಮೂರನೆಯದು. ನನ್ನ ಮುಖದ ಮೇಲೆ ಹರಿದದ್ದೆಲ್ಲ ಬರೀ ನೀರಾಗಿರಲಿಲ್ಲ.

ಒದ್ದೆ ಕೂದಲಲ್ಲೇ ಫೋನ್ ಎತ್ತಿಕೊಂಡೆ. ಥರ್ಮಾಮೀಟರ್ ಗೋಡೆಯ ಮಾಡದಲ್ಲಿ ಒಣಗಿಕೊಂಡೇ ಇತ್ತು. ಅದನ್ನು ಮುಟ್ಟಲಿಲ್ಲ.

"ಸುಡಾಕತ್ತೈತ್ರಿ," ಅಂತ ಬರೆದು ಕಳಿಸಿದೆ.