ತೆರೆಯದ ಫೈಲು, ಎಲ್ಲರ ಮುಂದೆ ಆಡಿದ ಮಾತು

"ನೀವೇ ಬೀಗ ಹಾಕೀರಿ. ಬೇಕಂತಾನೇ ಹಾಕೀರಿ!"

ವಾಣಿಯ ದನಿ ಆಫೀಸು ದಾಟಿ ಶೆಡ್ಡಿನವರೆಗೂ ಕೇಳಿಸಿತು.

ಹರಿಹರದ ಪಕ್ಕ, ಗುತ್ತೂರಿನ ಒಂದು ಚಿಕ್ಕ ಕಾರ್ಖಾನೆ. ವಿಜಯದಶಮಿ ಕಳೆದ ಮರುದಿನ. ಕಂಪ್ಯೂಟರಿಗೆ ಬಳಿದಿದ್ದ ವಿಭೂತಿ ಇನ್ನೂ ಅಳಿಸಿರಲಿಲ್ಲ. ಲೇತ್ ಯಂತ್ರಗಳು ಕಬ್ಬಿಣವನ್ನು ಹೇಗೆ ಕೊರೆಯಬೇಕೆಂದು ಹೇಳುವ ಪ್ರೋಗ್ರಾಮುಗಳನ್ನು ಬರೆಯುವವಳು ವಾಣಿ. ಅವಳ ಅಷ್ಟೂ ಫೈಲುಗಳು ಇವತ್ತು ತೆರೆಯುತ್ತಿಲ್ಲ. ಯಂತ್ರಗಳು ಸುಮ್ಮನೆ ನಿಂತಿವೆ. ಮಾಲೀಕ ಉಜ್ಜನಪ್ಪ, ಲೆಕ್ಕ ನೋಡುವ ನಿರ್ಮಲಮ್ಮ, ಶೆಡ್ಡಿನ ಕೆಲಸದವರು, ಎಲ್ಲರೂ ಬಂದು ಸುತ್ತ ನೆರೆದಿದ್ದರು.

ನಡುವೆ ಸಿಕ್ಕಿಕೊಂಡವನು ಕೊಟ್ಟೂರೇಶ್. ಭಾನುವಳ್ಳಿಯವನು, ಕಂಪ್ಯೂಟರು ನೋಡಿಕೊಳ್ಳಲು ಸೇರಿ ಇನ್ನೂ ವರ್ಷ ತುಂಬಿಲ್ಲ.

"ಇಲ್ರೀ, ನಾ ಬೀಗ ಗೀಗ ಹಾಕಿಲ್ಲ. ಬರೇ ಕಾಪಿ ಮಾಡೀನಿ."

"ಹಂಗಾರೆ ಯಾಕ ತೆರೀವಲ್ದು? ಎಲ್ಲಾರೂ ಓದಬಹುದು, ಬರೀಬಹುದು ಅಂತ ಇಲ್ಲೇ ತೋರಸ್ತೈತೆ. ತೆರೆಯಾಕ್ ಹೋದ್ರೆ ಪರ್ಮಿಷನ್ ಇಲ್ಲ ಅಂತೈತೆ."

ಹಳೆಯ ಯುನಿಕ್ಸ್ ಕಂಪ್ಯೂಟರು ಮೂಲೆ ಸೇರಿ, ಅದರ ಜಾಗಕ್ಕೆ ವಿಂಡೋಸ್ ಎನ್‌ಟಿಯ ಹೊಸ ಕಂಪ್ಯೂಟರು ಬಂದಿತ್ತು. ವಾಣಿಯ ಕೈಗೆ ಹಳೆಯ ಕಮಾಂಡುಗಳೇ ರೂಢಿ ಎಂದು, ಅವು ಹೊಸದರಲ್ಲೂ ನಡೆಯುವಂಥ ಸಾಫ್ಟ್‌ವೇರನ್ನು ಹುಡುಕಿ ತಂದು ಹಾಕಿದವನು ಕೊಟ್ಟೂರೇಶನೇ. ಇದನ್ನೆಲ್ಲ ಅವಳು ಆ ಹೊತ್ತಿಗೆ ನೆನೆಯಲಿಲ್ಲ.

ಅಲ್ಲಿಗೆ ಬಾಯಿ ಮುಚ್ಚಿದ್ದರೂ ಆಗುತ್ತಿತ್ತು. ಆದರೆ ಸಿಟ್ಟು ನೆತ್ತಿಗೇರಿದರೆ ನಮ್ಮ ವಾಣಿಯ ನಾಲಿಗೆಗೆ ಲಗಾಮಿಲ್ಲ!

"ಹೋದ ವಾರ ಮದುವಿ ಆಗ್ತೀರಾ ಅಂತ ಕೇಳಿದ್ರಿ. ನಾ ಉತ್ತರ ಕೊಡ್ಲಿಲ್ಲ. ಆ ಸಿಟ್ಟು ಇಲ್ಲಿ ತೀರಿಸ್ಕೊಂಡ್ರೇನು?"

ಯಾರೋ ಕಿಸಕ್ಕೆಂದು ನಕ್ಕರು. ಕೊಟ್ಟೂರೇಶನ ಕಿವಿಗಳು ಕೆಂಪಾದವು. ಅವನು ಒಮ್ಮೆ ಅವಳ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ಹೆಣ್ಮಕ್ಕಳು ಕೆಲಸ ಮಾಡೋ ಜಾಗ ಇದು," ಎಂದರು ಉಜ್ಜನಪ್ಪ. "ನೀನು ನಾಳಿಂದ ಬರೋದು ಬ್ಯಾಡಪ್ಪ."

ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು... ಹೇಳಲಿಲ್ಲ. ಬುತ್ತಿಯ ಚೀಲ ತೆಗೆದುಕೊಂಡು ಹೊರಟುಹೋದ.

ಆ ಮಾತು ವಾಣಿಗೂ ಗೊತ್ತಿತ್ತು. ಆಯುಧಪೂಜೆಯ ಹಿಂದಿನ ದಿನ ಹಬ್ಬದ ಕೆಲಸವೆಂದು ಅವಳು ಬೇಗ ದಾವಣಗೆರೆಗೆ ಹೋಗಿದ್ದಳು. ಫೈಲುಗಳು ಹಳೆಯ ಕಂಪ್ಯೂಟರಿನಲ್ಲೇ ಉಳಿದಿವೆ ಎಂದು ಮನೆ ಮುಟ್ಟಿದ ಮೇಲೆ ನೆನಪಾಯಿತು. ವಿನೋಬನಗರದ ಎಸ್‌ಟಿಡಿ ಬೂತಿಗೆ ಓಡಿ ಬಂದು ಕೊಟ್ಟೂರೇಶನಿಗೆ ಫೋನು ಮಾಡಿದಳು.

"ಪೂಜೆ ಆದ್ಮ್ಯಾಲೆ ಕಂಪ್ಯೂಟರ್ ಮುಟ್ಟಂಗಿಲ್ಲ ಅಂತಾರೆ ಉಜ್ಜನಪ್ಪೋರು. ನೀವೇ ಇವತ್ತು ಕಾಪಿ ಮಾಡಿಬಿಡ್ರಿ. ನನ್ನ ಪಾಸ್‌ವರ್ಡು..."

"ಬ್ಯಾಡ, ಹೇಳಬ್ಯಾಡ್ರಿ. ಬೂತಿನಾಗ ಯಾರಾರ ಕೇಳಿಸ್ಕೊಂಡಾರು. ನಾ ಹೆಂಗಾರ ಮಾಡ್ತೀನಿ."

ಫೋನು ಮಾಡಿ ಕೇಳಿದ್ದು ಅವಳೇ. ಎಲ್ಲರ ಮುಂದೆ ಮುಚ್ಚಿಟ್ಟದ್ದೂ ಅವಳೇ. 'ತಪ್ಪು ಅವನದೇ ಅಲ್ಲವೇ, ಫೋನಿನ ಮಾತು ಯಾಕೆ?' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದೆರಡು ದಿನ ಬಿಟ್ಟು ಉಜ್ಜನಪ್ಪ ಅವಳನ್ನು ಕರೆದರು. "ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇಲ್ಲೈತೆ ನೋಡವ್ವ. ಹಳೇ ಕಂಪ್ಯೂಟರಿಂದ ನೀನೇ ಮತ್ತೆ ಕಾಪಿ ಮಾಡು."

ಅಡ್ಮಿನಿಸ್ಟ್ರೇಟರ್ ಎಂಬ ಆ ದೊಡ್ಡ ಹೆಸರಿನಲ್ಲಿ ಒಳಗೆ ಹೋಗಿ ಎಲ್ಲವನ್ನೂ ಹೊಸದಾಗಿ ಕಾಪಿ ಮಾಡಿದಳು. ಒಂದು ಫೈಲು ತೆರೆದು ನೋಡಿದಳು, ತೆರೆಯಿತು. ನೆಮ್ಮದಿಯಿಂದ ಹೊರಬಂದು ತನ್ನ ಹೆಸರಿನಲ್ಲಿ ಒಳಹೋದಳು.

ಪರ್ಮಿಷನ್ ಇಲ್ಲ!

ಹಳೆಯ ಕಮಾಂಡು ಕೊಟ್ಟಳು. ಎಲ್ಲರೂ ಓದಬಹುದು, ಬರೆಯಬಹುದು ಎಂದಿತು. ತೆರೆಯಲು ಹೋದರೆ ಮತ್ತೆ ಅದೇ ಉತ್ತರ.

'ನಾನು ಬೀಗ ಹಾಕಿಲ್ಲವಲ್ಲ... ಬರೀ ಕಾಪಿ ಮಾಡಿದೆ...'

ಅವನ ಮಾತೇ ತನ್ನ ಬಾಯಿಗೆ ಬಂದಾಗ ವಾಣಿಗೆ ಹೊಳೆಯಿತು. ಕಾಪಿ ಮಾಡಿದವರ ಹೆಸರಿಗೇ ಎನ್‌ಟಿ ಫೈಲುಗಳನ್ನು ಬರೆದುಕೊಳ್ಳುತ್ತಿತ್ತು, ಬೇರೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಅದರ ಮೇಲೆ ತಂದು ಹಾಕಿದ್ದ ಯುನಿಕ್ಸ್ ಕಮಾಂಡುಗಳಿಗೆ ಅದರ ಪತ್ತೆಯೇ ಇಲ್ಲ. ಅವು ತಮಗೆ ತೋಚಿದ್ದನ್ನು ತೋರಿಸುತ್ತಿದ್ದವು. ಅವಳ ಹೆಸರಿನಲ್ಲಿ ಕಾಪಿ ಮಾಡಿದ್ದರೆ ಈ ತೊಡಕೇ ಇರಲಿಲ್ಲ. ಅದಕ್ಕೆ ಅವಳ ಪಾಸ್‌ವರ್ಡು ಬೇಕಿತ್ತು. ಬೇಡವೆಂದನಲ್ಲ, ಅವಳಿಗಾಗಿಯೇ ಬೇಡವೆಂದನಲ್ಲ...

ಅವಳಿಗೆ ನಾಚಿಕೆಯಾಯಿತು. ಯಾರ ಕಣ್ಣಿಗೂ ಬೀಳದೆ ಮನೆಗೆ ಹೋಗಿಬಿಡಬೇಕೆನಿಸಿತು.

ಹೋಗಲಿಲ್ಲ. ಎದ್ದು ಹೋಗಿ ಉಜ್ಜನಪ್ಪನವರ ಮುಂದೆ ನಿಂತಳು.

"ಅವತ್ತು ಇದ್ದೋರನ್ನೆಲ್ಲ ಕರೀರಿ. ನಾನೊಂದು ಮಾತು ಹೇಳ್ಬೇಕು."

ಎಲ್ಲರೂ ಬಂದರು. ವಾಣಿ ತಾನೇ ಕಾಪಿ ಮಾಡಿದ ಫೈಲು ತೆರೆಯದಿರುವುದನ್ನು ತೋರಿಸಿದಳು. ಫೋನಿನ ವಿಷಯ ಹೇಳಿದಳು. "ಅವ್ರದು ಏನೂ ತಪ್ಪಿಲ್ಲ. ನಾ ಕೇಳ್ಕೊಂಡಿದ್ದಕ್ಕೆ ಮಾಡಿಕೊಟ್ರು. ನಾ ಸುಳ್ಳಿ," ಎಂದಳು. ಕಡೆಗೆ ಇನ್ನೊಂದು ಮಾತನ್ನೂ ಹೇಳಿದಳು. ಅದನ್ನು ಕೇಳಿ ನಿರ್ಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ದುಡುಕಿದ್ದು ನಾನೂ ಹೌದು," ಎಂದರು ಉಜ್ಜನಪ್ಪ. "ವಾಪಸ್ ಬಾ ಅಂತ ಹೇಳು ಅವನಿಗೆ."

ವಾಣಿ ಭಾನುವಳ್ಳಿಯಲ್ಲಿ ಬಸ್ಸಿಳಿದಾಗ ಮೂರು ಗಂಟೆಯ ಬಿಸಿಲು. ಕೊಟ್ಟೂರೇಶ್ ಕಾಲುವೆಯ ಏರಿಯ ಮೇಲೆ ನಿಂತು ಗದ್ದೆಗೆ ನೀರು ತಿರುಗಿಸುತ್ತಿದ್ದ. ಅವಳನ್ನು ಕಂಡು ಸಲಿಕೆ ಕೆಳಗಿಟ್ಟ, ನಗಲಿಲ್ಲ.

"ಫೈಲಿಂದು ಗೊತ್ತಾತು," ಎಂದಳು ವಾಣಿ. "ಎಲ್ಲಾರ ಮುಂದ ಹೇಳೀನಿ. ಫೋನಿಂದೂ ಹೇಳೀನಿ. ಉಜ್ಜನಪ್ಪೋರು ನಿಮಗ ವಾಪಸ್ ಬರಾಕ್ ಹೇಳ್ಯಾರ."

"ಆತು ಬಿಡ್ರಿ. ಕಾಪಿ ಆದ್ಮ್ಯಾಲೆ ನಿಮ್ಮ ಹೆಸರಿಗೆ ಬರಸ್ಬೇಕಿತ್ತು, ನಂಗೂ ತಿಳೀಲಿಲ್ಲ. ಫೈಲಿನ ಬ್ಯಾಸರ ಇಲ್ಲ ನಂಗೆ."

"ಮತ್ತ?"

"ನಿಮ್ಮೊಬ್ರಿಗೇ ಅಂತ ಹೇಳಿದ್ದ ಮಾತು ಅದು ವಾಣಿಯವ್ರೆ. ನಾಕು ಮಂದಿ ನಕ್ರು."

ವಾಣಿಗೆ ತಲೆಯೆತ್ತಲಾಗಲಿಲ್ಲ. ಕಣ್ಣೀರು ತಾನಾಗಿಯೇ ಇಳಿಯಿತು.

"ಅದಕ್ಕೇ... ಇವತ್ತು ಉತ್ತರಾನೂ ಅವ್ರ ಮುಂದೇ ಹೇಳಿ ಬಂದೀನಿ. ನಗಾದಿದ್ರೆ ನನ್ನ ನೋಡಿನೂ ನಗಲಿ ಅಂತ."

ಕೊಟ್ಟೂರೇಶ್ ಒಂದು ಹೆಜ್ಜೆ ಹತ್ತಿರ ಬಂದ.

"ಉಜ್ಜನಪ್ಪೋರ ಮುಂದ?"

"ಹೂಂ."

"ನಿರ್ಮಲಮ್ಮೋರ ಮುಂದ?"

"ಅವ್ರು ಇಷ್ಟೊತ್ತಿಗೆ ಅರ್ಧ ಹರಿಹರಕ್ಕೆ ಹೇಳಿರ್ತಾರೆ."

ಅವನ ತುಟಿಯ ಅಂಚಿನಲ್ಲಿ ನಗು ಮೂಡಿತು. "ಊರಿಗೆಲ್ಲ ಹೇಳಿ, ನನಗ ಕಡೀಗೆ ಬಂದ್ರೇನು?"

"ನಿಮಗ ಹೇಳೋದೇ ಕಷ್ಟ ಐತ್ರಿ... ನನ್ನ ಮುಖ ನೋಡಬ್ಯಾಡ್ರಿ. ಆ ಕಡೆ ತಿರುಗ್ರಿ, ಹೇಳ್ತೀನಿ."

ಕೊಟ್ಟೂರೇಶ್ ಕಾಲುವೆಯ ಕಡೆ ತಿರುಗಿ ನಿಂತ. ಅವಳು ಹೇಳಿದಳು.